ಮೊದಲ ಖಾಲಿ ಬಿಟ್ ಎಲ್ಲಿದೆ?

ಒಂದು ಪ್ರೋಗ್ರಾಂ ಫೈಲ್ ತೆರೆದಾಗಲೆಲ್ಲ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಂದು ಸಣ್ಣ ಪ್ರಶ್ನೆಗೆ ಉತ್ತರ ಹುಡುಕಬೇಕು: ತೆರೆದ ಫೈಲಿಗೆ ಕೊಡಲು ಖಾಲಿ ಇರುವ ಮೊದಲ ನಂಬರ್ ಯಾವುದು? ಇದರ ಲೆಕ್ಕ ಬಿಟ್‌ಮ್ಯಾಪ್‌ನಲ್ಲಿರುತ್ತದೆ. ಒಂದು ನಂಬರಿಗೆ ಒಂದು ಬಿಟ್. ಬಳಕೆಯಲ್ಲಿದ್ದರೆ 1, ಇಲ್ಲದಿದ್ದರೆ 0. ಡಿಸ್ಕಿನ ಬ್ಲಾಕ್‌ಗಳಿಗೂ ಇದೇ ಲೆಕ್ಕ, ಸಿಪಿಯುಗಳಿಗೂ ಇದೇ. ಇಷ್ಟು ಸರಳವಾದ್ದರಲ್ಲಿ ಸುಧಾರಿಸೋಕೆ ಏನಿದೆ ಅನ್ನಿಸಬಹುದು. ಲಿನಕ್ಸ್ ಕರ್ನಲ್‌ನಲ್ಲಿ ಮೂವತ್ತು ವರ್ಷ ದಾಟಿದರೂ ಈ ಕೆಲಸ ಮುಗಿದಿಲ್ಲ.

1991ರ ಸೆಪ್ಟೆಂಬರ್‌ನಲ್ಲಿ ಲೈನಸ್ ಟೋರ್ವಾಲ್ಡ್ಸ್ ಹೊರತಂದ 0.01 ಆವೃತ್ತಿಯಲ್ಲೇ ಈ ಹುಡುಕಾಟದ ಕೋಡ್ ಇತ್ತು. ಕೆಲವೇ ಸಾಲಿನ ಅಸೆಂಬ್ಲಿ, ಅಂದರೆ ಪ್ರೊಸೆಸರ್‌ನ ಸೂಚನೆಗಳಲ್ಲೇ ಬರೆದ ಕೋಡ್. ಡಿಸ್ಕಿನ ಬಿಟ್‌ಮ್ಯಾಪ್‌ನಿಂದ 32 ಬಿಟ್ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಎಲ್ಲವನ್ನೂ ತಿರುವಿ ಹಾಕುತ್ತದೆ, ಅಂದರೆ 0 ಇದ್ದದ್ದು 1, 1 ಇದ್ದದ್ದು 0. ಆಮೇಲೆ ಬಿಎಸ್ಎಫ್ ಎಂಬ ಸೂಚನೆಯಿಂದ ಮೊದಲ 1 ಎಲ್ಲಿದೆ ಅಂತ ಪ್ರೊಸೆಸರ್‌ನನ್ನೇ ಕೇಳುತ್ತದೆ. ಸಿಗದಿದ್ದರೆ ಮುಂದಿನ 32. ಹೀಗೆ 8192 ಬಿಟ್ ತನಕ, ಯಾಕಂದ್ರೆ 1 ಕೆಬಿ ಬ್ಲಾಕಿನಲ್ಲಿ ಹಿಡಿಸುವುದು ಅಷ್ಟೇ. ಒಂದೊಂದೇ ಬಿಟ್ ನೋಡುವ ಲೂಪ್ ಬರೆಯುವುದು ಸುಲಭವಿತ್ತು. ಆದರೆ 80386 ಪ್ರೊಸೆಸರ್ ಜೊತೆ 1985ರಲ್ಲೇ ಈ ಸೂಚನೆ ಬಂದಿತ್ತು, ಇದ್ದದ್ದನ್ನು ಬಳಸಿಕೊಂಡರು.

ಬಿಎಸ್ಎಫ್‌ಗೆ ಒಂದು ತೊಡಕಿದೆ. ಕೊಟ್ಟ ವರ್ಡ್ (ಪ್ರೊಸೆಸರ್ ಒಮ್ಮೆಗೆ ಎತ್ತಿಕೊಳ್ಳುವ ಬಿಟ್‌ಗಳ ಗುಂಪು) ಪೂರ್ತಿ ಸೊನ್ನೆಯಾಗಿದ್ದರೆ ಉತ್ತರ ಏನು ಬರುತ್ತದೆ ಅಂತ ಇಂಟೆಲ್ ಕೈಪಿಡಿ ಖಾತ್ರಿ ಕೊಡುತ್ತಿರಲಿಲ್ಲ. ಮುಂದೆ ಟಿಝಡ್‌ಸಿಎನ್‌ಟಿ ಎಂಬ ಹೊಸ ಸೂಚನೆ ಬಂತು, ಇಂಟೆಲ್‌ನಲ್ಲಿ 2013ರ ಹ್ಯಾಸ್ವೆಲ್ ಪೀಳಿಗೆಯಿಂದ. ಅದರ ಬೈಟ್‌ಗಳು ಹಳೆಯ ಬಿಎಸ್ಎಫ್‌ನವೇ, ಮುಂದೆ ಒಂದು ಪ್ರಿಫಿಕ್ಸ್ ಬೈಟ್ ಜಾಸ್ತಿ ಅಷ್ಟೇ. ಹಳೆಯ ಪ್ರೊಸೆಸರ್ ಆ ಬೈಟನ್ನು ಲೆಕ್ಕಕ್ಕೇ ತಗೊಳ್ಳದೆ ಬಿಎಸ್ಎಫ್ ಓಡಿಸುತ್ತದೆ. ಹಾಗಾಗಿ ಕರ್ನಲ್ ಎರಡಕ್ಕೂ ಒಂದೇ ಕೋಡ್ ಇಟ್ಟುಕೊಂಡಿದೆ. ವರ್ಡ್ ಸೊನ್ನೆಯಲ್ಲ ಅಂತ ಮೊದಲೇ ಗೊತ್ತಿರುವ ಕಡೆ ಎರಡೂ ಕೊಡುವ ಉತ್ತರ ಒಂದೇ. ಇಂಥ ಜಾಣತನ ಕಂಡರೆ ನನಗೆ ನಿಜಕ್ಕೂ ಖುಷಿ.

ಆದರೂ ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬಂದದ್ದು ಹೊಸ ಸೂಚನೆಗಳಿಂದಲ್ಲ. ನೋಡಬೇಕಾಗಿಲ್ಲದ ಬಿಟ್‌ಗಳನ್ನು ನೋಡದೇ ಬಿಟ್ಟಿದ್ದರಿಂದ.

2003ರ ಡಿಸೆಂಬರ್‌ನಲ್ಲಿ ಬಂದ 2.6 ಆವೃತ್ತಿಯನ್ನೇ ನೋಡಿ. ಅದಕ್ಕೂ ಮುಂಚೆ, ಮುಂದೆ ಯಾವ ಪ್ರೋಗ್ರಾಂ ಓಡಬೇಕು ಅಂತ ತೀರ್ಮಾನಿಸಲು ಶೆಡ್ಯೂಲರ್ ಕಾದು ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿತ್ತು. ಇಂಗೋ ಮೊಲ್ನಾರ್ ಬರೆದ ಶೆಡ್ಯೂಲರ್ 140 ಆದ್ಯತೆಯ ಸಾಲುಗಳನ್ನು ಮಾಡಿ, ಯಾವ ಸಾಲಿನಲ್ಲಿ ಜನ ಇದ್ದಾರೆ ಅಂತ ಬಿಟ್‌ಮ್ಯಾಪ್‌ನಲ್ಲಿ ಗುರುತಿಟ್ಟಿತು. 140 ಬಿಟ್ ಅಂದರೆ 32 ಬಿಟ್ ಯಂತ್ರದಲ್ಲಿ ಐದು ವರ್ಡ್. ಅಷ್ಟಕ್ಕೆ ಲೂಪ್ ಯಾಕೆ? ಸಾಲಾಗಿ ಒಂದೊಂದೇ ವರ್ಡ್ ಪರೀಕ್ಷಿಸಿ, ಸಿಕ್ಕ ಕೂಡಲೇ ಹೊರಗೆ. ಹತ್ತು ಪ್ರೋಗ್ರಾಂ ಕಾಯುತ್ತಿರಲಿ, ಹತ್ತು ಸಾವಿರ ಕಾಯುತ್ತಿರಲಿ, ಹುಡುಕುವ ಶ್ರಮ ಅಷ್ಟೇ.

ಇನ್ನೊಂದು ಕಥೆ 2015ರದ್ದು. ಹೊಸ ಫೈಲ್ ತೆರೆದಾಗ ಖಾಲಿ ಇರುವ ಅತಿ ಚಿಕ್ಕ ನಂಬರನ್ನೇ ಕೊಡಬೇಕು ಅನ್ನೋದು ಯುನಿಕ್ಸ್ ಮಾದರಿಯ ಸಿಸ್ಟಂಗಳ ಮಾನದಂಡವಾದ ಪೋಸಿಕ್ಸ್‌ನ ನಿಯಮ. ಒಂದು ಪ್ರೋಗ್ರಾಂ 10 ಲಕ್ಷ ಸಾಕೆಟ್ (ನೆಟ್‌ವರ್ಕ್ ಸಂಪರ್ಕ, ಅದಕ್ಕೂ ಫೈಲಿನ ಹಾಗೆಯೇ ನಂಬರ್) ತೆರೆದುಕೊಂಡು ಕೂತಿದೆ ಅಂದುಕೊಳ್ಳಿ. 64 ಬಿಟ್‌ನ ವರ್ಡ್‌ಗಳಲ್ಲಿ ಲೆಕ್ಕ ಹಾಕಿದರೆ 15,625 ವರ್ಡ್, ಸುಮಾರು 122 ಕೆಬಿ. ಎಲ್ಲವೂ 1 ತುಂಬಿದ ವರ್ಡ್‌ಗಳೇ. ಕೊನೆಯಲ್ಲೆಲ್ಲೋ ಇರುವ ಒಂದು ಖಾಲಿ ಜಾಗಕ್ಕಾಗಿ ಪ್ರತಿ ಸಲವೂ ಅಷ್ಟನ್ನೂ ದಾಟಬೇಕು. ಲೆಕ್ಕಕ್ಕಿಂತ ಜಾಸ್ತಿ ಸಮಯ ಮೆಮೊರಿಯಿಂದ ತರೋದಕ್ಕೇ ಹೋಗುತ್ತದೆ. ಟೋರ್ವಾಲ್ಡ್ಸ್ ಇದಕ್ಕೆ ಎರಡನೇ ಬಿಟ್‌ಮ್ಯಾಪ್ ಸೇರಿಸಿದರು. ಕೆಳಗಿನ ಒಂದಿಡೀ ವರ್ಡ್ ತುಂಬಿದ್ದರೆ ಮೇಲಿನದರಲ್ಲಿ ಒಂದು ಬಿಟ್ 1. ಈಗ ಮೊದಲು ನೋಡಬೇಕಾದದ್ದು 245 ವರ್ಡ್, ಅಂದರೆ 2 ಕೆಬಿಗೂ ಕಡಿಮೆ. ಅಲ್ಲಿ ಸಿಕ್ಕ 0 ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ, ಕೆಳಗೆ ಒಂದೇ ವರ್ಡ್ ನೋಡಿದರೆ ಮುಗೀತು. 4.4 ಆವೃತ್ತಿಯಲ್ಲಿ ಇದು ಸೇರಿಕೊಂಡಿತು.

ಬಿಟ್‌ಮ್ಯಾಪ್ ಕೋಡ್ ನೋಡಿಕೊಳ್ಳುವ ಯೂರಿ ನೊರೊವ್ 2022ರಲ್ಲಿ ಮಾಡಿದ ಸಫಾಯಿಯೂ ಇದೇ ಜಾತಿಯದ್ದು. ಬಿಟ್‌ಮ್ಯಾಪ್ ಖಾಲಿಯಿದೆಯಾ ಅಂತ ತಿಳಿಯಲು ಎಷ್ಟೋ ಕಡೆ ಎಲ್ಲ 1ಗಳನ್ನೂ ಎಣಿಸಿ, ಮೊತ್ತ ಸೊನ್ನೆಯಾ ಅಂತ ನೋಡುತ್ತಿದ್ದರು. ಒಂದು 1 ಕಂಡ ಕೂಡಲೇ ಖಾಲಿಯಿಲ್ಲ ಅಂತ ಗೊತ್ತಾಯಿತಲ್ವಾ? ಮತ್ತೆ ಪೂರ್ತಿ ಎಣಿಸೋದು ಯಾಕೆ? ಅಂಥ ಸಾಲುಗಳನ್ನು ಅವರು ಹುಡುಕಿ ಹುಡುಕಿ ಬದಲಿಸಿದರು.

ಅತಿ ಬಿಗಿಯಾದ ಗಂಟು ಮಾತ್ರ ಸಿಪಿಯು ಬಿಟ್‌ಮ್ಯಾಪ್‌ನದ್ದು. ಮೊದಲು ಅದು ಒಂದೇ ವರ್ಡ್ ಆಗಿತ್ತು. 4096 ಸಿಪಿಯುಗಳ ಯಂತ್ರಗಳಿಗೆ ತಯಾರಾಗುವ ಹೊತ್ತಿಗೆ ಒಂದೊಂದು ಬಿಟ್‌ಮ್ಯಾಪ್ 512 ಬೈಟ್ ಆಯಿತು. ಫಂಕ್ಷನ್‌ಗಳು (ಕೋಡಿನ ತುಣುಕುಗಳು) ಓಡುವಾಗ ತಾತ್ಕಾಲಿಕ ಲೆಕ್ಕ ಇಟ್ಟುಕೊಳ್ಳುವ ಜಾಗವಾದ ಕರ್ನಲ್ ಸ್ಟ್ಯಾಕ್ ಇದ್ದದ್ದೇ 8 ಕೆಬಿ. ಇಂಥ ಹಲವು ಬಿಟ್‌ಮ್ಯಾಪ್ ಹೊತ್ತ ಫಂಕ್ಷನ್‌ಗಳು ಒಂದರ ಮೇಲೊಂದು ಸೇರಿದರೆ ಸ್ಟ್ಯಾಕ್ ತುಂಬಿ ತುಳುಕುವ ಭಯ. 2008ರ ಸುಮಾರಿಗೆ ರಸ್ಟಿ ರಸೆಲ್ ಮತ್ತಿತರರು ದೊಡ್ಡ ಬಿಟ್‌ಮ್ಯಾಪ್‌ಗಳನ್ನು ಸ್ಟ್ಯಾಕಿನಿಂದ ಹೊರಗೆ ಇಡುವ ದಾರಿ ಮಾಡಿದರು.

ಅಲ್ಲಿಂದ ಇನ್ನೊಂದು ಸಮಸ್ಯೆ. ಯಂತ್ರದಲ್ಲಿ ಎಷ್ಟು ಸಿಪಿಯು ಇವೆ ಅಂತ ಗೊತ್ತಾಗುವುದು ಬೂಟ್ ಆದ ಮೇಲೆ. ಅಷ್ಟೇ ಬಿಟ್ ನೋಡಿದರೆ ಕೆಲಸ ಕಡಿಮೆ. ಆದರೆ ಬಿಟ್‌ಮ್ಯಾಪ್‌ನ ಅಳತೆ ಕರ್ನಲ್ ಕಟ್ಟುವಾಗಲೇ ಗೊತ್ತಿದ್ದು 64ರೊಳಗೆ ಇದ್ದರೆ, ಕಂಪೈಲರ್ (ಕೋಡನ್ನು ಪ್ರೊಸೆಸರ್‌ನ ಸೂಚನೆಗಳಾಗಿ ಬದಲಿಸುವ ಪ್ರೋಗ್ರಾಂ) ಇಡೀ ಫಂಕ್ಷನನ್ನೇ ಕಿತ್ತುಹಾಕಿ ಒಂದೆರಡು ಸೂಚನೆಯಲ್ಲಿ ಮುಗಿಸಬಲ್ಲದು. 2021ರಲ್ಲಿ ನೊರೊವ್ ಈ ಚಿಕ್ಕ ದಾರಿಯನ್ನು ಹುಡುಕಾಟದ ಫಂಕ್ಷನ್‌ಗಳಿಗೆ ತಂದಿದ್ದರು. ಸಿಪಿಯು ಬಿಟ್‌ಮ್ಯಾಪ್‌ಗೆ ಅದು ಮತ್ತೆ ದಕ್ಕುವಂತೆ 2023ರಲ್ಲಿ ಟೋರ್ವಾಲ್ಡ್ಸ್ ಮಾಡಿದರು. ಇಲ್ಲದ ಸಿಪಿಯುಗಳ ಬಿಟ್ ಹೇಗೂ 0 ಇರುತ್ತವೆ. ಇಲ್ಲಿ ಹುಡುಕುವುದು 1ನ್ನು, ಹಾಗಾಗಿ ಅವನ್ನೂ ಸೇರಿಸಿ 64ನ್ನೂ ಒಂದೇ ಏಟಿಗೆ ನೋಡಿದರೆ ಉತ್ತರ ಬದಲಾಗುವುದಿಲ್ಲ.

ಇದರ ಪೂರ್ತಿ ಲಾಭ ಸಿಗುವುದು 64 ಅಥವಾ ಕಡಿಮೆ ಸಿಪಿಯುಗಳಿಗೆ ಅಂತಲೇ ಕಟ್ಟಿದ ಕರ್ನಲ್‌ಗೆ. ಎಲ್ಲ ಯಂತ್ರಕ್ಕೂ ಆಗಲಿ ಅಂತ 8192 ಸಿಪಿಯುಗಳ ಮಿತಿ ಇಟ್ಟು ಕಟ್ಟಿದ ಕರ್ನಲ್, 8 ಕೋರ್‌ನ ಲ್ಯಾಪ್‌ಟಾಪ್‌ನಲ್ಲಿ ಓಡಿದರೂ, ಅಳತೆಯನ್ನು ಮೆಮೊರಿಯಿಂದ ಓದಿ, ಫಂಕ್ಷನ್ ಕರೆದು, ಲೂಪ್ ಸುತ್ತಿಯೇ ಮೊದಲ ಬಿಟ್ ಹುಡುಕುತ್ತದೆ.