ಕೆಮ್ಮಿನ ಗುಳಿಗೆಗೆ ಕೊಳೆತ ತತ್ತಿ ವಾಸನೆ, ಕುಡಿಯಬಹುದಾ?

ಪ್ರಶ್ನೆ: ಎದೆಯಲ್ಲಿ ಕಫ ಕಟ್ಟಿದೆ. ಡಾಕ್ಟರು ನೀರಿಗೆ ಹಾಕಿ ಕುಡಿಯೋ ಗುಳಿಗೆ ಬರೆದುಕೊಟ್ಟಿದ್ದಾರೆ. ಮುಚ್ಚಳ ತೆಗೆದರೆ ಸಾಕು, ಕೊಳೆತ ತತ್ತಿ ವಾಸನೆ. ಕೆಟ್ಟುಹೋಗಿದೆಯಾ?
– ಓದುಗರು, ಮುಧೋಳ

ಉತ್ತರ: ತಾರೀಖು ಮೀರಿಲ್ಲ, ಗುಳಿಗೆ ತೇವ ಹಿಡಿದಿಲ್ಲ ಅಂದ್ರೆ ಧೈರ್ಯವಾಗಿ ಕುಡಿಯಿರಿ. ಆ ನಾತ ಗಂಧಕದ್ದು. ಕೆಲಸ ಮಾಡೋದೂ ಅದೇ ಗಂಧಕ.

ಪೊಟ್ಟಣದ ಮೇಲೆ ಅಸಿಟೈಲ್‌ಸಿಸ್ಟೀನ್ ಅಂತ ಇರುತ್ತದೆ, ನೋಡಿ. ಸಿಸ್ಟೀನ್ ಎಂಬ, ಗಂಧಕ ಇರುವ ಅಮೈನೋ ಆಮ್ಲದಿಂದ (ಪ್ರೋಟೀನ್ ಕಟ್ಟುವ ಇಟ್ಟಿಗೆ ಅನ್ನಿ) ಮಾಡಿದ ಔಷಧಿ ಅದು. ಸಿಸ್ಟೀನ್ ನಮ್ಮ ಕೂದಲಲ್ಲಿದೆ, ಉಗುರಲ್ಲಿದೆ, ತತ್ತಿಯಲ್ಲೂ ಇದೆ. ಕಫದಲ್ಲಿ ಮ್ಯೂಸಿನ್ ಎಂಬ ಉದ್ದುದ್ದ ಪ್ರೋಟೀನ್ ಎಳೆಗಳಿರುತ್ತವೆ. ಈ ಎಳೆಗಳ ಸಿಸ್ಟೀನ್‌ಗಳಲ್ಲಿರುವ ಗಂಧಕ ಒಂದಕ್ಕೊಂದು ಬೆಸೆದುಕೊಂಡಾಗ ಕಫ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಔಷಧಿಯ ಗಂಧಕ ಆ ಬೆಸುಗೆ ಬಿಡಿಸುತ್ತದೆ. ಕಫ ತೆಳುವಾಗಿ, ಕೆಮ್ಮಿದಾಗ ಸಲೀಸಾಗಿ ಹೊರಗೆ ಬರುತ್ತದೆ.

ಇದು ಪ್ರಯೋಗಾಲಯದ ಗಾಜಿನ ಬಟ್ಟಲಲ್ಲಿ ಚೆನ್ನಾಗಿ ನಡೆಯುವ ಕೆಲಸ. ಬಾಯಿಂದ ಕುಡಿದಾಗ ಕರುಳು, ಯಕೃತ್ತು ದಾಟಿ ರಕ್ತಕ್ಕೆ ಹಾಗೇ ಸೇರೋದು ಹೆಚ್ಚೆಂದರೆ 100ಕ್ಕೆ 10 ಪಾಲು. ಹಾಗಾಗಿ ಮಾಮೂಲಿ ನೆಗಡಿ ಕೆಮ್ಮಿಗೆ ಇದರಿಂದ ಪವಾಡ ನಿರೀಕ್ಷಿಸಬೇಡಿ.

‘ಹಾಗಾದ್ರೆ ಎರಡು ತತ್ತಿ ತಿಂದರೆ ಸಾಕಲ್ವಾ?’ ಅಂತ ಕೇಳೋರಿದ್ದಾರೆ. ಸಾಲದು. ತತ್ತಿಯ ಸಿಸ್ಟೀನನ್ನು ದೇಹ ತನ್ನ ಬೇರೆ ಕೆಲಸಗಳಿಗೆ ಬಳಸಿಕೊಳ್ಳುತ್ತದೆ. ತತ್ತಿ ತಿನ್ನಿ, ಅದು ಬೇರೆ ಮಾತು.

ಇದೇ ಮನೆತನದ ಇನ್ನೊಂದು ಔಷಧಿ ಕಾರ್ಬೋಸಿಸ್ಟೀನ್. ಅದರ ಗಂಧಕಕ್ಕೆ ಮುಚ್ಚಳ ಹಾಕಿದಂತಿದೆ, ಬೆಸುಗೆ ಬಿಡಿಸಲಾರದು. ಅದು ಕಫ ತಯಾರಾಗೋ ರೀತಿಯನ್ನೇ ಬದಲಿಸುತ್ತದೆ.

ಕಬ್ಬಿನ ಸುಗ್ಗಿಯಲ್ಲಿ ರವದಿ ಸುಟ್ಟ ಹೊಗೆಗೆ ಬರೋ ಒಣ ಕೆಮ್ಮಿಗೆ ಈ ಗುಳಿಗೆ ಸುಮ್ನೆ ದಂಡ. ಕಫವೇ ಇಲ್ಲದಿದ್ದರೆ ಬಿಡಿಸೋದೇನು? ಇದರ ಜೊತೆ ಡೆಕ್ಸ್ಟ್ರೋಮೆಥಾರ್ಫಾನ್‌ನಂಥ ಕೆಮ್ಮು ತಡೆಯೋ ಸಿರಪ್ಪನ್ನು ನೀವೇ ಕೊಂಡು ಕುಡಿಯಬೇಡಿ. ಒಂದು ಕಫ ಸಡಿಲ ಮಾಡುತ್ತದೆ, ಇನ್ನೊಂದು ಅದನ್ನು ಒಳಗೇ ನಿಲ್ಲಿಸುತ್ತದೆ. ದಮ್ಮು ಇದ್ದವರು ಡಾಕ್ಟರಿಗೆ ಮೊದಲೇ ಹೇಳಿ, ಕೆಲವರಿಗೆ ಉಸಿರು ಬಿಗಿಯಬಹುದು. ಬಿಪಿ ಇದ್ದವರೂ ಅಷ್ಟೇ: ನೊರೆ ಬರೋ ಗುಳಿಗೆಯಲ್ಲಿ ಸೋಡಿಯಂ ಇರುತ್ತದೆ.

ಗಾಜಿನ ಲೋಟದಲ್ಲಿ ಕರಗಿಸಿ, ತಕ್ಷಣ ಕುಡಿದುಬಿಡಿ. ಎರಡು ವಾರ ದಾಟಿದರೂ ಕೆಮ್ಮು ಬಿಡದಿದ್ದರೆ ಗುಳಿಗೆ ಬದಲಿಸುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಟಿಬಿ ಪರೀಕ್ಷೆ ಉಚಿತ, ಮಾಡಿಸಿ.