ಪುಸ್ತಕದಲ್ಲಿದೆ ಎಂಬುದು ಉತ್ತರವಲ್ಲ

ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅದಕ್ಕಾಗಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಇತಿಹಾಸದ ಪಾಠಗಳನ್ನು ಕೇಳುತ್ತಿರುತ್ತೇನೆ. ನಮ್ಮ ಶಿಕ್ಷಕರಲ್ಲಿ ಬಹಳಷ್ಟು ಮಂದಿ ಸೊಗಸಾಗಿ ಕಥೆ ಹೇಳಬಲ್ಲರು. ಕಳಿಂಗ ಯುದ್ಧದ ಪಾಠವಾದರೆ ರಣರಂಗ ಕಣ್ಣಿಗೆ ಕಟ್ಟುತ್ತದೆ. ಅಶೋಕ ಖಡ್ಗ ಕೆಳಗಿಡುವ ಹೊತ್ತಿಗೆ ಇಡೀ ತರಗತಿ ಮೌನವಾಗಿರುತ್ತದೆ. ಆಗ ಯಾವುದೋ ಮಗು ಕೈಯೆತ್ತಿ, ‘ಟೀಚರ್, ಅವನಿಗೆ ದುಃಖವಾದದ್ದು ಯಾರಿಗೆ ಗೊತ್ತಾಯಿತು?’ ಎಂದು ಕೇಳುತ್ತದೆ. ‘ಪುಸ್ತಕದಲ್ಲಿದೆ, ಕುಳಿತುಕೋ’ ಎಂಬ ಉತ್ತರ ಬರುತ್ತದೆ.

ಈ ಉತ್ತರವನ್ನು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ನರಿ ಮಾತನಾಡುವ ಕಥೆಯೂ ಪುಸ್ತಕದಲ್ಲೇ ಇದೆ. ನರಿ ಮಾತನಾಡುವುದಿಲ್ಲ ಎಂಬುದು ಎಂಟು ಒಂಬತ್ತು ವರ್ಷದ ಮಗುವಿಗೆ ಗೊತ್ತು. ಹಾಗಿದ್ದರೆ ಈ ಪುಸ್ತಕವನ್ನು ನಂಬಬೇಕು, ಆ ಪುಸ್ತಕವನ್ನು ನಂಬಬಾರದು ಎಂದು ಅದು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಅದರ ಪ್ರಶ್ನೆಯಲ್ಲಿ ತಂಟೆಯೂ ಇಲ್ಲ, ಅಧಿಕಪ್ರಸಂಗವೂ ಇಲ್ಲ. ಇತಿಹಾಸಕಾರರು ದಿನವೂ ಕೇಳಿಕೊಳ್ಳುವ ಪ್ರಶ್ನೆಯನ್ನೇ ಅದು ಕೇಳಿದೆ.

ಅದಕ್ಕೆ ಕಥೆಗಿಂತಲೂ ರೋಚಕವಾದ ಉತ್ತರವಿದೆ. ತನಗೆ ದುಃಖವಾಯಿತು ಎಂದು ಅಶೋಕನೇ ಹೇಳಿಕೊಂಡಿದ್ದಾನೆ. ಅವನ ಹದಿಮೂರನೆಯ ಬಂಡೆ ಶಾಸನದಲ್ಲಿ, ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದದ್ದು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಹತರಾದದ್ದು, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ಸತ್ತದ್ದು, ಅದರಿಂದ ತನಗಾದ ಪಶ್ಚಾತ್ತಾಪ, ಎಲ್ಲವೂ ಇವೆ. ಖಡ್ಗ ಕೆಳಗಿಟ್ಟ ದೃಶ್ಯ ಮಾತ್ರ ಅಲ್ಲಿಲ್ಲ. ಅದು ಕಥೆ ಹೇಳುವವರು ಸೇರಿಸಿದ್ದು. ಸೇರಿಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ‘ಈ ಭಾಗ ನನ್ನ ಕಲ್ಪನೆ, ಆ ಭಾಗ ಬಂಡೆಯ ಮೇಲಿದೆ’ ಎಂದು ಮಕ್ಕಳಿಗೆ ಹೇಳಿಬಿಡಿ, ಅಷ್ಟು ಸಾಕು.

ಇಷ್ಟು ಹೇಳಿದ ಮೇಲೆ ಮಕ್ಕಳು ಸುಮ್ಮನಿರುವುದಿಲ್ಲ. ‘ಒಂದು ಲಕ್ಷ ಎಂದು ಎಣಿಸಿದವರು ಯಾರು?’ ಎಂದು ಒಬ್ಬ ಹುಡುಗ ಕೇಳಿದ್ದ. ಎಂಥ ಪ್ರಶ್ನೆ! ಅಷ್ಟು ದುಂಡಾದ ಸಂಖ್ಯೆ ಎಣಿಸಿ ಬಂದದ್ದೋ ಅಂದಾಜಿನದೋ ಎಂದು ದೊಡ್ಡವರಾದ ನಾವೇ ಯೋಚಿಸುವುದಿಲ್ಲ. ಇನ್ನೊಂದು ಸಂಗತಿಯನ್ನೂ ಅವರ ಮುಂದಿಡುತ್ತೇನೆ. ಕಳಿಂಗ ನಾಡಿನದೇ, ಅಂದರೆ ಇಂದಿನ ಒಡಿಶಾದ, ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಹದಿಮೂರನೆಯ ಶಾಸನವನ್ನು ಕೆತ್ತಿಸಿಲ್ಲ. ಆ ಜಾಗದಲ್ಲಿ ಬೇರೆ ಎರಡು ಶಾಸನಗಳಿವೆ. ಏಕಿರಬಹುದು? ಗಾಯ ಹಸಿಯಾಗಿದ್ದ ಜನರ ಎದುರು ಅದನ್ನು ಎತ್ತಬಾರದೆಂದೋ, ತಪ್ಪೊಪ್ಪಿಗೆ ಅಲ್ಲಿ ಅಪಾಯಕಾರಿಯಾಗಬಹುದೆಂದೋ ಮಕ್ಕಳು ತಮ್ಮ ತಮ್ಮ ಊಹೆ ಮುಂದಿಡುತ್ತಾರೆ. ಯಾವುದನ್ನೂ ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ, ಏಕೆಂದರೆ ಅಶೋಕ ಕಾರಣವನ್ನು ಬರೆಸಿಟ್ಟಿಲ್ಲ. ‘ನಿನ್ನ ಊಹೆಗೆ ಏನು ಆಧಾರ?’ ಎಂದಷ್ಟೇ ಕೇಳುತ್ತೇನೆ.

‘ಅದೆಲ್ಲ ಹೈಸ್ಕೂಲಿಗೆ ಸರಿ, ಈ ವಯಸ್ಸಿಗೆ ಕಥೆ ಸಾಕು’ ಎನ್ನುವವರೇ ಹೆಚ್ಚು. ಪೋಷಕರ ಸಭೆಯಲ್ಲೂ ಇದೇ ಮಾತು, ಮಗುವಿಗೆ ಗೊಂದಲವಾಗುತ್ತದೆಯಂತೆ. ಅವರ ಮುಂದೆ ನಾನು ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯ ಪ್ರಸಂಗವನ್ನು ಇಡುತ್ತೇನೆ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ಅಶೋಕನ ಎರಡು ಕಂಬಗಳನ್ನು ದೆಹಲಿಗೆ ಸಾಗಿಸಿದಾಗ ಅವುಗಳ ಮೇಲಿನ ಬರಹವನ್ನು ಓದಬಲ್ಲವರೇ ಇರಲಿಲ್ಲ. ಮುಂದೆ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಸಾಂಚಿ ಸ್ತೂಪದ ಕಟಾಂಜನದ ಮೇಲಿದ್ದ ಪುಟ್ಟ ಪುಟ್ಟ ಬರಹಗಳ ಪ್ರತಿಗಳನ್ನು ನೋಡುತ್ತಿದ್ದಾಗ, ಹೆಚ್ಚಿನವು ಒಂದೇ ಬಗೆಯ ಅಕ್ಷರಗಳಿಂದ ಮುಗಿಯುವುದನ್ನು ಗಮನಿಸಿದ. ಅದು ‘ದಾನಂ’ ಇರಬೇಕೆಂಬ ಊಹೆ ಸರಿಯಾಯಿತು, 1837ರಲ್ಲಿ ಲಿಪಿಯ ಗಂಟು ಬಿಚ್ಚಿತು. ಆ ಕೊನೆಯ ಅಕ್ಷರಗಳನ್ನು ನಾಲ್ಕನೆಯ ತರಗತಿಯ ಫಲಕದ ಮೇಲೆ ಬರೆದು ಏನಿರಬಹುದೆಂದು ಕೇಳಿದ್ದೇನೆ. ‘ದೇವರ ಹೆಸರು’, ‘ರಾಜನ ಹೆಸರು’ ಎಂದು ಕೂಗಿದವರ ನಡುವೆ ಒಬ್ಬಳು, ‘ನಮ್ಮ ಬೆಂಚಿನ ಮೇಲೆ ಕೊಟ್ಟವರ ಹೆಸರು ಇದೆಯಲ್ಲ, ಹಾಗೆ’ ಎಂದಳು. ಅವಳನ್ನು ನಾನು ಮರೆತಿಲ್ಲ. ಆ ಮಗುವಿಗೆ ಯಾವ ಗೊಂದಲವೂ ಇರಲಿಲ್ಲ.

ಇದರ ಜೊತೆಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯನ್ನು ಹೇಳದೆ ಬಿಡಲಾರೆ. ಶಾಸನಗಳಲ್ಲಿ ಸಾಮಾನ್ಯವಾಗಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳೇ ಬರುತ್ತವೆ. ಅದು ಅಶೋಕನೇ ಎಂದು ಸಿಂಹಳದ ಪಾಳಿ ಗ್ರಂಥಗಳ ನೆರವಿನಿಂದ ಗುರುತಿಸಿದ್ದರು. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಊಹೆಯೊಂದು ಎಷ್ಟೋ ವರ್ಷ ಕಾದು ದೃಢಪಟ್ಟ ಈ ಸಂಗತಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

‘ಆಕರಗಳ ಪಾಠ ನಮ್ಮಲ್ಲೂ ಇದೆಯಲ್ಲ’ ಎಂದು ಶಿಕ್ಷಕರು ಹೇಳುತ್ತಾರೆ. ಹೌದು, ಇದೆ. ಸಾಹಿತ್ಯ ಆಕರಗಳು, ಪುರಾತತ್ವ ಆಕರಗಳು, ಅವುಗಳ ವಿಧಗಳು ಎಂದು ಬಾಯಿಪಾಠ ಮಾಡಿಸಿ, ಎರಡನೆಯ ಪಾಠದಿಂದ ವರ್ಷದ ಕೊನೆಯವರೆಗೆ ಆ ಮಾತನ್ನೇ ಎತ್ತುವುದಿಲ್ಲ. ನಾನು ಕೇಳುತ್ತಿರುವುದು ಇನ್ನೊಂದು ಪಾಠವನ್ನಲ್ಲ. ಪ್ರತಿ ಘಟನೆಯನ್ನು ಹೇಳುವಾಗಲೂ, ಅದೇ ಉಸಿರಿನಲ್ಲಿ, ಇದು ಹೇಗೆ ತಿಳಿಯಿತು ಎಂಬ ಒಂದು ವಾಕ್ಯವನ್ನು ಹೇಳಿ. ‘ಆಕರ’ ಎಂಬ ಪದ ಮಗುವಿಗೆ ಬಾರದಿದ್ದರೂ ನಡೆಯುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರಶ್ನೆ ಕೇಳುವುದನ್ನಷ್ಟೇ ಕಲಿಸಿ ನಿಲ್ಲಿಸಿದರೆ ಕೆಲವು ಮಕ್ಕಳು ‘ಹಾಗಾದರೆ ಎಲ್ಲವೂ ಸುಳ್ಳು’ ಎಂಬಲ್ಲಿಗೆ ಬಂದುಬಿಡುತ್ತಾರೆ. ಖಚಿತ, ಬಹುಶಃ, ಇನ್ನೂ ತಿಳಿದಿಲ್ಲ ಎಂಬ ಮೂರು ಮೆಟ್ಟಿಲುಗಳನ್ನು ಮೊದಲಿನಿಂದಲೂ ತೋರಿಸಬೇಕು. ಹಿರಿಯರನ್ನು ಮಾತನಾಡಿಸಿ ಮನೆಯ ಇತಿಹಾಸ ಬರೆದು ತರುವ ಕೆಲಸ ಒಳ್ಳೆಯದೇ. ಆದರೆ ಹೇಳಿಕೊಳ್ಳಲಾಗದ ನೋವಿರುವ ಮನೆಗಳಿವೆ, ಹಿರಿಯರೇ ಇಲ್ಲದ ಮಕ್ಕಳಿದ್ದಾರೆ, ಒತ್ತಾಯ ಬೇಡ. ಶಾಲೆಯ ಹಳೆಯ ಹಾಜರಿ ಪುಸ್ತಕ ಕೊಟ್ಟರೂ ಕೆಲಸ ನಡೆಯುತ್ತದೆ. ಇಸವಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಇಂದಿನಿಂದ ಹಿಂದಕ್ಕೆ, ವರ್ಷಕ್ಕೊಂದು ಸೆಂಟಿಮೀಟರಿನಂತೆ ನೆಲದ ಮೇಲೆ ದಾರ ಹಾಸಿ. ಕೃಷ್ಣದೇವರಾಯ ಐದು ಮೀಟರು ದೂರದಲ್ಲಿರುತ್ತಾನೆ, ಅಶೋಕನನ್ನು ಹುಡುಕಿಕೊಂಡು ಸುಮಾರು ಇಪ್ಪತ್ತಮೂರು ಮೀಟರು ನಡೆಯಬೇಕು. ರಾಜರೆಲ್ಲರೂ ಒಂದೇ ಕಾಲದವರು ಎಂಬ ಭ್ರಮೆ ಅಲ್ಲಿಗೆ ಹೋಗುತ್ತದೆ.

ಪರೀಕ್ಷೆಯ ಮಾತನ್ನು ಎಲ್ಲರೂ ಕೊನೆಗೆ ಎತ್ತುತ್ತಾರೆ. ಕಳಿಂಗ ಯುದ್ಧದ ಪ್ರಶ್ನೆಯ ಕೆಳಗೇ ‘ಇದು ನಮಗೆ ಹೇಗೆ ಗೊತ್ತು?’ ಎಂದು ಎರಡು ಅಂಕಗಳ ಪ್ರಶ್ನೆಯೊಂದನ್ನು ಸೇರಿಸಿ. ‘ಶಾಸನದಿಂದ’ ಎಂದಷ್ಟೇ ಬರೆದವರಿಗೆ ಒಂದು ಅಂಕ. ಆ ಶಾಸನ ಯಾರದು, ಅದರಲ್ಲಿ ಏನಿದೆ ಎಂದು ತನ್ನ ಮಾತಿನಲ್ಲಿ ಬರೆದ ಮಗುವಿಗೆ, ಕಾಗುಣಿತ ತಪ್ಪಿದ್ದರೂ ಎರಡೂ ಅಂಕ ಕೊಡಿ.