ಬಿಳಿಗುಂಡ್ಲು ದಾಟುವುದು ಎಂಥಾ ನೀರು?

ಬಿಳಿಗುಂಡ್ಲು ಅನ್ನುವ ಹೆಸರು ಕೇಳದ ಕನ್ನಡಿಗರು ಕಡಿಮೆ. ಆ ಜಾಗ ನೋಡಿದವರು ಇನ್ನೂ ಕಡಿಮೆ. ಮೇಕೆದಾಟು ಕಳೆದು ಮುಂದೆ, ಕಾವೇರಿ ಎರಡು ರಾಜ್ಯಗಳ ಗಡಿಯಾಗಿ ಕಾಡಿನಲ್ಲಿ ಹರಿಯುವ ಕಡೆ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಇದೆ. ಅಲ್ಲಿ ದಿನಾ ಹೊಳೆಯ ಮಟ್ಟ ನೋಡುತ್ತಾರೆ, ನೀರಿನ ವೇಗ ಅಳೆಯುತ್ತಾರೆ, ಕ್ಯುಸೆಕ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಅಂತ, ಬರೆಯುತ್ತಾರೆ. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆ ಅಂಕಿ ದೆಹಲಿಗೆ ಹೋಗುತ್ತದೆ, ಅಲ್ಲಿಂದ ಟಿವಿಗೆ ಬರುತ್ತದೆ, ಮಂಡ್ಯದಲ್ಲಿ ಹೆದ್ದಾರಿ ಬಂದ್ ಆಗುತ್ತದೆ.

ಅದೇ ಕೇಂದ್ರದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಬಾಟಲಿಯಲ್ಲಿ ನೀರು ಹಿಡಿದು, ಅದರಲ್ಲಿ ಏನೇನಿದೆ ಅಂತ ಪರೀಕ್ಷೆಗೆ ಕೊಡುತ್ತಾರೆ. ಆ ಅಂಕಿಗಾಗಿ ಯಾರಾದರೂ ರಸ್ತೆ ತಡೆದದ್ದು ನನಗಂತೂ ನೆನಪಿಲ್ಲ.

ಇದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಕಾವೇರಿ ಜಗಳ ಹುಟ್ಟಿದ್ದೇ ಅಳತೆಯಿಂದ. 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಆದ ಒಪ್ಪಂದದ ತಿರುಳು ಇಷ್ಟೇ: ಮೇಲಿನವರು ಹೊಸ ನೀರಾವರಿ ಕೆಲಸಕ್ಕೆ ಕೈ ಹಾಕುವ ಮೊದಲು ಕೆಳಗಿನವರನ್ನು ಕೇಳಬೇಕು. 1924ರ ಒಪ್ಪಂದವೂ ಹಾಗೇ. ಕನ್ನಂಬಾಡಿಯಲ್ಲಿ ಎಷ್ಟು ನೀರು ನಿಲ್ಲಿಸಬಹುದು, ಎಷ್ಟು ಎಕರೆಗೆ ಹರಿಸಬಹುದು, ಎಷ್ಟು ಕೆಳಗೆ ಬಿಡಬೇಕು. ಆಗ ಹೊಳೆ ದೊಡ್ಡದು, ಪಟ್ಟಣಗಳು ಸಣ್ಣವು. ನೀರು ಬಂತು ಅಂದರೆ ಒಳ್ಳೇ ನೀರೇ ಬಂತು ಅಂತ ಅರ್ಥ.

ನನ್ನ ಲೆಕ್ಕದಲ್ಲಿ ಕಥೆ ತಿರುಗುವುದು 1974ರಲ್ಲಿ. ಆ ಒಂದೇ ವರ್ಷದಲ್ಲಿ ಮೂರು ಸಂಗತಿ ನಡೆದವು. 1924ರ ಒಪ್ಪಂದಕ್ಕೆ 50 ವರ್ಷ ತುಂಬಿತು. ಅದರ ಅವಧಿ ಮುಗಿಯಿತು ಅಂತ ಕರ್ನಾಟಕ ಹೇಳಿತು, ಇಲ್ಲ ಅಂತ ತಮಿಳುನಾಡು ಹೇಳಿತು. ಎರಡನೆಯದು, ಬೆಂಗಳೂರಿಗೆ ಕಾವೇರಿ ನೀರು ಬಂತು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರ, ಪಂಪ್ ಮೇಲೆ ಪಂಪ್ ಇಟ್ಟು ತಂದ ನೀರು. ಮೂರನೆಯದು, ಸಂಸತ್ತು ಜಲಮಾಲಿನ್ಯ ತಡೆ ಕಾಯ್ದೆ ಮಾಡಿತು.

ಎಡವಟ್ಟು ಆಗಿದ್ದು ಈ ಮೂರನೆಯದರಲ್ಲಿ. ಎರಡು ರಾಜ್ಯಗಳ ನೀರಿನ ಜಗಳಕ್ಕೆ 1956ರ ಒಂದು ಕಾಯ್ದೆ ಇತ್ತು. ಅದು ಹೇಳುವುದು ನೀರಿನ ಬಳಕೆ, ಹಂಚಿಕೆ, ನಿಯಂತ್ರಣದ ಬಗ್ಗೆ. ಕೊಳೆಯ ಮಾತು 1974ರ ಕಾಯ್ದೆಗೆ ಹೋಯಿತು. ಅದನ್ನು ನೋಡಿಕೊಳ್ಳಲು ರಾಜ್ಯಕ್ಕೊಂದು ಮಾಲಿನ್ಯ ಮಂಡಳಿ ಬಂತು. ಹೊಳೆ ಒಂದೇ, ಫೈಲು ಬೇರೆ ಬೇರೆ. ಕಾವೇರಿ ಜಗಳ ತೀರ್ಮಾನಿಸಲು ಮುಂದೆ ಬಂದ ನ್ಯಾಯಮಂಡಳಿ ನೀರಿನ ಪ್ರಮಾಣ ನೋಡಿತು, ಮಂಡಳಿಗಳು ತಂತಮ್ಮ ಗಡಿಯೊಳಗಿನ ಕೊಳೆ ನೋಡಿದವು. ಗಡಿ ದಾಟುವ ನೀರು ಹೇಗಿರಬೇಕು ಅನ್ನುವುದು ಎರಡೂ ಫೈಲಿನ ನಡುವೆ ಬಿದ್ದುಹೋಯಿತು.

1990ರಲ್ಲಿ ಬಂದ ನ್ಯಾಯಮಂಡಳಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಕಣಿವೆಯ ಒಟ್ಟು ನೀರು 740 ಟಿಎಂಸಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆ 10, ತಪ್ಪಿಸಲಾಗದೆ ಸಮುದ್ರ ಸೇರುವುದಕ್ಕೆ 4. ಈ ಅಂಕಿಗಳು ಆಗ ಪತ್ರಿಕೆಗಳ ಮುಖಪುಟದಲ್ಲಿ ಬಂದವು. ಅದೇ ತೀರ್ಪಿನ ಒಳಗೆ ಇನ್ನೊಂದು ಸಾಲಿದೆ, ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಊರಿಗೆ ಕುಡಿಯಲು, ಬಳಸಲು ಎತ್ತಿದ ನೀರಿನಲ್ಲಿ ನಿಜವಾಗಿ ಖರ್ಚಾಗುವುದು 20% ಮಾತ್ರ ಅಂತ ಅದು ಲೆಕ್ಕ ಹಿಡಿಯಿತು. ಉಳಿದ 80% ಬಳಕೆಯಾಗಿ ವಾಪಸ್ ಬರುತ್ತದೆ.

ಲೆಕ್ಕ ತಪ್ಪೇನಲ್ಲ. ನಾವು ಸ್ನಾನ ಮಾಡಿದ ನೀರು, ಪಾತ್ರೆ ತೊಳೆದ ನೀರು, ಕಕ್ಕಸಿನ ನೀರು ಎಲ್ಲಾದರೂ ಹೋಗಲೇಬೇಕಲ್ಲ. ಆದರೆ ಆ 80% ವಾಪಸ್ ಬರುವ ದಾರಿಯನ್ನು ಒಮ್ಮೆ ನೋಡಿ.

ಬೆಂಗಳೂರು ಎರಡು ಕಣಿವೆಗಳ ದಿಣ್ಣೆ ಮೇಲೆ ಕೂತಿರುವ ಊರು. ಸುಮಾರು ಮೂರನೇ ಒಂದು ಪಾಲು ಕಾವೇರಿ ಕಡೆಗೆ ಇಳಿಜಾರು, ಉಳಿದದ್ದು ದಕ್ಷಿಣ ಪಿನಾಕಿನಿ ಕಡೆಗೆ. ಕಾವೇರಿ ಕಡೆಯ ಚರಂಡಿ ನೀರು ವೃಷಭಾವತಿಗೆ ಸೇರುತ್ತದೆ. ಬಸವನಗುಡಿಯ ದೊಡ್ಡ ಬಸವನ ಹತ್ತಿರ ಹುಟ್ಟಿ ಆ ಹೆಸರು ಪಡೆದ ಹೊಳೆ ಅದು. ಈಗ ಮೈಸೂರು ರಸ್ತೆಯಲ್ಲಿ ಹೋಗುವವರು ಮೂಗಿನಿಂದಲೇ ಗುರುತು ಹಿಡಿಯುತ್ತಾರೆ. ಅದು ಬಿಡದಿ ಹತ್ತಿರದ ಬೈರಮಂಗಲ ಕೆರೆ ತುಂಬಿ, ಅರ್ಕಾವತಿಗೆ ಸೇರಿ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಸಂಗಮ ಇರುವುದು ಬಿಳಿಗುಂಡ್ಲುವಿಗಿಂತ ಮೇಲೆ. ಅಂದರೆ ಬೆಂಗಳೂರಿನ ಮೋರಿ ನೀರು ಕೂಡ ಅಳತೆ ಕೇಂದ್ರದಲ್ಲಿ ತಮಿಳುನಾಡಿನ ಪಾಲಿಗೆ ಜಮೆಯಾಗುತ್ತದೆ!

ಇದೇ ಅರ್ಕಾವತಿ ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಹೊಳೆ. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡೂ ಬತ್ತಿ, ಕೆಟ್ಟು, ಕೈಬಿಟ್ಟ ಮೇಲೆ ಹೊಳೆ ನೀರಿಗೆ ನಗರ ಪೂರ್ತಿಯಾಗಿ ಕಾವೇರಿಗೆ ಜೋತುಬಿತ್ತು.

ಒಂದು ಏಪ್ರಿಲ್‌ನಲ್ಲಿ ಸಂಗಮಕ್ಕೆ ಹೋಗಿದ್ದೆ. ಕಾವೇರಿ ಬಂಡೆಗಳ ನಡುವೆ ಸೊರಗಿ ಹರಿಯುತ್ತಿತ್ತು. ಅರ್ಕಾವತಿ ಸೇರುವ ಕಡೆ ನೀರಿಗೆ ಹಳೇ ಚಹಾದ ಬಣ್ಣ, ಬಂಡೆಯ ಬುಡದಲ್ಲಿ ನೊರೆ. ನಾನು ಪ್ಯಾಂಟು ಮಡಚುತ್ತಿರುವುದು ಕಂಡು ತೆಪ್ಪದವನು ಕೂಗಿದ: "ಈ ಕಡೆ ಬೇಡ ಸಾರ್, ಮೈ ಕಡಿತದೆ. ಆ ದಡಕ್ಕೆ ಬಿಡ್ತೀನಿ, ಅಲ್ಲಿ ಇಳೀರಿ." ಅವನಿಗೆ ಯಾವ ಪ್ರಯೋಗಾಲಯದ ವರದಿಯೂ ಬೇಕಿರಲಿಲ್ಲ.

ಹವಾಮಾನ ಬದಲಾವಣೆ ಈ ಕಥೆಯೊಳಗೆ ಬರುವುದು ಇಲ್ಲೇ. ಅದು ಹೊಳೆಗೆ ಹೊಸ ಕೊಳೆ ತಂದು ಸುರಿಯುವುದಿಲ್ಲ. ಇರುವ ಕೊಳೆಯನ್ನು ತೆಳುವಾಗಿಸುವ ನೀರನ್ನು ಕಿತ್ತುಕೊಳ್ಳುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. 2018ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು ಕಡಿಮೆ ಮಾಡಿ, ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂದಿತು. ಅದಕ್ಕೆ ತಿಂಗಳ ಪಟ್ಟಿ ಇದೆ. ಆಗಸ್ಟ್‌ಗೆ 45.95. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ ಬರೀ 2.5. ಬೆಂಗಳೂರು ಆಗ ದಿನಕ್ಕೆ ಎತ್ತುತ್ತಿದ್ದದ್ದು ಸುಮಾರು 145 ಕೋಟಿ ಲೀಟರ್, ತಿಂಗಳಿಗೆ ಒಂದೂವರೆ ಟಿಎಂಸಿ. ಅದರ 80% ಅಂದರೆ 1.2. ಅದರಲ್ಲಿ ಮೂರನೇ ಒಂದು ಪಾಲು ಕಾವೇರಿ ಕಡೆಗೆ ಅಂದರೆ 0.4 ಟಿಎಂಸಿ. ಇದೆಲ್ಲ ಸಂಗಮ ಮುಟ್ಟುವುದಿಲ್ಲ. ಒಂದಿಷ್ಟು ಗದ್ದೆಗೆ ಹೋಗುತ್ತದೆ, ಒಂದಿಷ್ಟು ಘಟಕಗಳಲ್ಲಿ ಶುದ್ಧವಾಗುತ್ತದೆ. ಬೋರ್‌ವೆಲ್ ನೀರಿನ ಕೊಳೆ ಬೇರೆ ಸೇರುತ್ತದೆ. ಆದರೂ ಅಂದಾಜಿಗೆ ಇಷ್ಟು ಸಾಕು. ಆಗಸ್ಟ್‌ನಲ್ಲಿ ಅದು ನೂರರಲ್ಲಿ ಒಂದು ಪಾಲೂ ಅಲ್ಲ, ಹೊಳೆ ನುಂಗಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಆರರಲ್ಲಿ ಒಂದು ಪಾಲು.

ಇದು ಪಟ್ಟಿಯ ಪ್ರಕಾರ ನೀರು ಬಂದ ವರ್ಷದ ಮಾತು. ಆದರೆ ಮಳೆ ಪಟ್ಟಿ ಓದಿಕೊಂಡು ಬರುವುದಿಲ್ಲ. 2022-23ರಲ್ಲಿ ಬಿಳಿಗುಂಡ್ಲು ದಾಟಿದ್ದು 600 ಟಿಎಂಸಿಗೂ ಜಾಸ್ತಿ. ಮರುವರ್ಷ ಅಲ್ಲಿಗೆ ಬಂದದ್ದು 177.25ರ ಅರ್ಧಕ್ಕಿಂತ ಕಡಿಮೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆ ಬಂದ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆಯಾಯಿತು. ನೀರು ಇಷ್ಟು ಏರಿಳಿದರೂ ಮೋರಿ ಮಾತ್ರ ಎರಡೂ ವರ್ಷ ಅಷ್ಟೇ ಹರಿಯಿತು. ಬರ ಬಂತು ಅಂತ ಯಾರೂ ಕಕ್ಕಸಿಗೆ ಹೋಗುವುದು ಬಿಡುವುದಿಲ್ಲ, ಅಲ್ವಾ?

ಸೆಕೆಯ ಪಾತ್ರ ಬೇರೆ. ಗೋಲಿಸೋಡಾ ತಣ್ಣಗಿದ್ದರೆ ಗ್ಯಾಸು ನಿಲ್ಲುತ್ತದೆ, ಬಿಸಿಯಾದರೆ ಹಾರಿಹೋಗುತ್ತದೆ. ನೀರಿನಲ್ಲಿರುವ ಆಮ್ಲಜನಕವೂ ಹಾಗೇ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಅತ್ತ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸೆಕೆಗೆ ಚುರುಕಾಗಿ ಆಮ್ಲಜನಕ ಜಾಸ್ತಿ ಎಳೆಯುತ್ತವೆ. ಮೀನಿಗೆ ಎರಡೂ ಕಡೆಯಿಂದ ಪೆಟ್ಟು. ಭೀಮೇಶ್ವರಿ, ಗಾಳಿಬೋರೆ ಕಡೆಯ ಮಡುಗಳಲ್ಲಿ ಆಳೆತ್ತರ ಬೆಳೆಯುತ್ತಿದ್ದ ಬೆನ್ನುಗೂನಿನ ಮಹಶೀರ್ ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದಕ್ಕೆ ಅಣೆಕಟ್ಟು, ಹೊರಗಿನಿಂದ ತಂದು ಬಿಟ್ಟ ಬೇರೆ ತಳಿ, ಸಿಡಿಮದ್ದಿನ ಬೇಟೆ ಎಲ್ಲ ಕಾರಣ. ಸೆಕೆ ಮತ್ತು ಕೊಳೆ ಅದರ ಮೇಲಿನ ಹೊರೆ.

ಇದು ನಮ್ಮಲ್ಲಿ ಮಾತ್ರ ಅಂತಲ್ಲ. 2022ರ ಬೇಸಿಗೆಯಲ್ಲಿ ಪೋಲೆಂಡ್ ಮತ್ತು ಜರ್ಮನಿ ಹಂಚಿಕೊಂಡಿರುವ ಓಡರ್ ನದಿಯಲ್ಲಿ ನೂರಾರು ಟನ್ ಮೀನು ಸತ್ತು ತೇಲಿದವು. ನದಿಗೆ ಬರುತ್ತಿದ್ದ ಉಪ್ಪು ನೀರು, ಬರದಿಂದ ಇಳಿದ ಹರಿವು, ಬಿಸಿಲು ಮೂರೂ ಸೇರಿ ವಿಷ ಬಿಡುವ ಒಂದು ಪಾಚಿ ಕೊಬ್ಬಿತ್ತು. ಮೊದಮೊದಲು ಎರಡೂ ದೇಶದವರು ಪರಸ್ಪರ ದೂರಿದರು. ಕೇಳಿದ ಕಥೆ ಅನ್ನಿಸುತ್ತದೆ.

ಮಳೆ ಜಾಸ್ತಿಯಾದರೆ ಎಲ್ಲ ಸರಿಹೋಗುತ್ತದೆ ಅಂತಲೂ ಇಲ್ಲ. ಹೊಳೆಯಲ್ಲಿ ಹೊಸನೀರು ಬಂತು ಅಂದರೆ ಹಳ್ಳಿಯಲ್ಲಿ ಸಂಭ್ರಮ. ಆಚೆ ತಮಿಳುನಾಡಿನಲ್ಲಿ ಅದಕ್ಕೆ ಆಡಿ ಪೆರುಕ್ಕು ಅಂತ ಹಬ್ಬವೇ ಇದೆ. ಆದರೆ ತಿಂಗಳುಗಟ್ಟಲೆ ಒಣಗಿದ ಮೇಲೆ ಒಮ್ಮೆಲೇ ಬರುವ ಮಳೆ ಚರಂಡಿಯ ತಳ, ಹೊಲದ ಗೊಬ್ಬರ, ರಸ್ತೆಯ ಎಣ್ಣೆ ಎಲ್ಲವನ್ನೂ ಗುಡಿಸಿಕೊಂಡು ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಾರಂಗಿಗೆ ಬಂದು ಬಿದ್ದ ಹೂಳು ನೆನಪಿರಬಹುದು. ಅದೇ ಕೊಡಗಿನಲ್ಲಿ ಕಾಫಿ ಪಲ್ಪಿಂಗ್, ಅಂದರೆ ನೀರು ಹಾಕಿ ಹಣ್ಣಿನ ಸಿಪ್ಪೆ ತೆಗೆಯುವ ಕೆಲಸ, ನಡೆಯುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಹುಳಿ ವಾಸನೆಯ ಆ ನೀರು ತೋಡಿಗೆ ಸೇರಿದರೆ, ಆ ಹೊತ್ತಿಗೆ ತೋಡಿನಲ್ಲಿ ಅದನ್ನು ತೆಳುವಾಗಿಸಲು ನೀರೇ ಇರುವುದಿಲ್ಲ.

ಕೊಳೆಯೆಲ್ಲ ನಮ್ಮದೇ ಅಂತ ಹೇಳಿದರೂ ತಪ್ಪಾಗುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಕಾವೇರಿಯ ಉಪನದಿ ನೊಯ್ಯಲ್ ಅನ್ನು ಹಾಳುಮಾಡಿದ ರೀತಿ ದೊಡ್ಡ ಪಾಠ. ನೀರಾವರಿಗೆ ಅಂತ 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ರೈತರು ಕೋರ್ಟಿಗೆ ಹೋದರು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಕಾರ್ಖಾನೆಗಳನ್ನು ಮುಚ್ಚಿಸಿತು. ಮೆಟ್ಟೂರಿನ ಹಿನ್ನೀರಿನಲ್ಲಿ ಹಸಿರು ಪಾಚಿ ಕಟ್ಟಿ ನಾರುವುದೂ ಆಗಾಗ ಸುದ್ದಿಯಾಗುತ್ತದೆ. ಇನ್ನೂ ಕೆಳಗೆ, ನಾಗಪಟ್ಟಿಣಂ ಕಡೆ, ಸಿಹಿನೀರಿನ ಒತ್ತಡ ಇಳಿದಂತೆ ಸಮುದ್ರದ ಉಪ್ಪು ಒಳಕ್ಕೆ ತಳ್ಳುತ್ತದೆ. ಮೇಲಿನವರು ಹೊಳೆ ಬತ್ತಿದಾಗ ಕೊಳೆ ಕಾಣುತ್ತಾರೆ, ಕೆಳಗಿನವರು ಉಪ್ಪು ಕಾಣುತ್ತಾರೆ.

2015ರಲ್ಲಿ ತಮಿಳುನಾಡು ಕೊನೆಗೂ ಈ ವಿಷಯ ಹಿಡಿದು ಸುಪ್ರೀಂ ಕೋರ್ಟಿಗೆ ಹೋಯಿತು. ಕರ್ನಾಟಕ ಕೊಳಚೆ ನೀರನ್ನು ಕಾವೇರಿಗೂ ದಕ್ಷಿಣ ಪಿನಾಕಿನಿಗೂ ಬಿಡುತ್ತಿದೆ ಅನ್ನುವುದು ದೂರು. ಪಿನಾಕಿನಿ ಯಾಕೆ ಅಂದರೆ, ಬೆಂಗಳೂರಿನ ಉಳಿದ ಎರಡು ಪಾಲು ಕೊಳೆ ಬೆಳ್ಳಂದೂರು, ವರ್ತೂರು ಹಾದು ಹೋಗುವುದು ಆ ಕಡೆಗೆ. ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ನೊರೆ ಗುಡ್ಡೆಯಾಗಿ ಏಳುತ್ತದೆ. ಕಾವೇರಿಯಿಂದ ಎತ್ತಿದ ನೀರು ಬೆಂಗಳೂರಿನ ಮನೆಗಳ ಮೂಲಕ ಬೇರೊಂದು ನದಿಗೆ, ಬೇರೊಂದು ಜಗಳಕ್ಕೆ ಹೋಗುತ್ತದೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿಬೆಟ್ಟದಲ್ಲೇ ಹುಟ್ಟಿದ ಹೊಳೆಗಳು. ಎರಡಕ್ಕೂ ಒಂದೇ ಊರು ಗಂಟುಬಿತ್ತು.

2015ರ ಆ ದಾವೆಗೆ ನಮ್ಮಲ್ಲಿ ಸಿಕ್ಕ ಪ್ರತಿಕ್ರಿಯೆ ಹೆಚ್ಚಾಗಿ 'ಇದೂ ಒಂದು ನೆಪ' ಅನ್ನುವ ಥರ ಇತ್ತು. ನನಗೆ ಹಾಗನ್ನಿಸುವುದಿಲ್ಲ. ಬೈರಮಂಗಲದ ಸುತ್ತಿನ ರೈತರು ಭತ್ತ ಬಿಟ್ಟು ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ತಿರುಗಿದ್ದು ಇದೇ ನೀರಿನಿಂದ. ಅವರು ಕರ್ನಾಟಕದವರೇ. ಕೊಳೆಯ ಮೊದಲ ಪೆಟ್ಟು ಬಿದ್ದದ್ದು ಗಡಿಯ ಈಚೆಗೆ.

ಇನ್ನೊಂದು ಮಾತು. ಕಣಿವೆಯಲ್ಲಿ 740 ಟಿಎಂಸಿ ಇದೆ ಅನ್ನುವ ಅಂಕಿಯ ಹಿಂದೆ ಇರುವುದು 1930ರ ದಶಕದಿಂದ 1970ರ ದಶಕದ ಆರಂಭದವರೆಗಿನ ಹರಿವಿನ ದಾಖಲೆಗಳು. ಅದೂ 50% ಭರವಸೆಯ ಅಂಕಿ. ಅಂದರೆ ಎರಡು ವರ್ಷದಲ್ಲಿ ಒಂದು ವರ್ಷ ಅಷ್ಟು ನೀರು ಇರುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡ ಹಾಗೆ. ಆ ಹಳೇ ಮಳೆಗಾಲಗಳ ಮೇಲೆ ಕಟ್ಟಿದ ಹಂಚಿಕೆಯನ್ನು 15 ವರ್ಷ ಮುಟ್ಟುವ ಹಾಗಿಲ್ಲ ಅಂತ 2018ರಲ್ಲಿ ಕೋರ್ಟ್ ಹೇಳಿತು. ಸಂಕಷ್ಟದ ವರ್ಷದಲ್ಲಿ ಕೊರತೆ ಹಂಚಿಕೊಳ್ಳುವುದು ಹೇಗೆ ಅಂತ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಅಲ್ಲೂ ಹಂಚುವುದು ಕ್ಯುಸೆಕ್.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ನೀರಿಲ್ಲದೆ ಟ್ಯಾಂಕರ್ ಕಾಯುತ್ತಿದ್ದ ಹೊರವಲಯದ ಹಳ್ಳಿಗಳಿಗೆ ಅದು ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲಿನ ಲೆಕ್ಕವನ್ನೇ ಮತ್ತೆ ಹಾಕಿ. ಪೂರ್ತಿ ನೀರು ಬಂದಾಗ ತಿಂಗಳಿಗೆ ಸುಮಾರು 2.35 ಟಿಎಂಸಿ. ಅದರ 80%, ಅದರಲ್ಲಿ ಮೂರನೇ ಒಂದು ಪಾಲು ಅಂತಲೇ ಇಟ್ಟುಕೊಂಡರೂ 0.6ಕ್ಕಿಂತ ಸ್ವಲ್ಪ ಜಾಸ್ತಿ. ಆರರಲ್ಲಿ ಒಂದು ಇದ್ದದ್ದು ನಾಲ್ಕರಲ್ಲಿ ಒಂದಾಗುತ್ತದೆ. ಪಟ್ಟಿಯಲ್ಲಿನ ಏಪ್ರಿಲ್ ತಿಂಗಳ 2.5 ಮಾತ್ರ 2033ರವರೆಗೆ ಹಾಗೇ ಇರುತ್ತದೆ.